ವೀಸಾ ಕಡತದಲ್ಲಿ ಎಲ್ಲ ಕಾಗದಗಳೂ ಒಂದೇ ಮಾತು ಹೇಳಬೇಕು

ವಿದೇಶದಲ್ಲಿ ಓದಲು ಹೊರಟವರು ಸಾಮಾನ್ಯವಾಗಿ ಎಸ್‌ಒಪಿ (ಏಕೆ, ಏನು ಓದಲು ಹೊರಟಿದ್ದೇನೆ ಎಂದು ಹೇಳುವ ಪತ್ರ) ಬರೆಯುವುದರಿಂದ ಕೆಲಸ ಶುರು ಮಾಡುತ್ತಾರೆ. ಆದರೆ ಮೊದಲು ತೆರೆದು ನೋಡಬೇಕಾದದ್ದು ಪಾಸ್‌ಪೋರ್ಟಿನ ಫೋಟೊ ಇರುವ ಪುಟ. ಅಲ್ಲಿ ಹೆಸರು ಯಾವ ಅಕ್ಷರಗಳಲ್ಲಿ, ಯಾವ ಕ್ರಮದಲ್ಲಿ ಇದೆಯೋ ಇನ್ನು ಮುಂದೆ ಎಲ್ಲ ಕಡೆಯೂ ಅದೇ ನಿಮ್ಮ ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಪೂರ್ಣ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಕಾಗುಣಿತ ಇದ್ದರೆ, ಮೂರೂ ಒಬ್ಬರದ್ದೇ ಎಂದು ಅಧಿಕಾರಿ ತಾವಾಗಿ ಊಹಿಸಿಕೊಳ್ಳುವುದಿಲ್ಲ. ವಿಶ್ವವಿದ್ಯಾಲಯದ ಅರ್ಜಿಯಲ್ಲೂ ಭಾಷಾ ಪರೀಕ್ಷೆಯ ನೋಂದಣಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ. ಹಳೆಯ ಅಂಕಪಟ್ಟಿ ತಿದ್ದಿಸಲು ಆಗದಿದ್ದರೆ, ಎರಡೂ ಹೆಸರು ಒಬ್ಬರದ್ದೇ ಎನ್ನುವ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಖಾಲಿ ಇರುವವರು ಅಮೆರಿಕದ ವೀಸಾ ಅರ್ಜಿಯಾದ ಡಿಎಸ್-160 ಫಾರ್ಮಿನಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ (FNU, ಮೊದಲ ಹೆಸರು ತಿಳಿದಿಲ್ಲ ಎಂದರ್ಥ) ಎಂದು ತುಂಬಬೇಕು. ಖಾಲಿ ಬಿಡಬಾರದೆಂದು ತಂದೆಯ ಹೆಸರು ಸೇರಿಸಿದರೆ ಪಾಸ್‌ಪೋರ್ಟಿಗೂ ಅರ್ಜಿಗೂ ತಾಳೆ ತಪ್ಪುತ್ತದೆ.

ಪಾಸ್‌ಪೋರ್ಟ್ ನವೀಕರಿಸುವುದಿದ್ದರೆ ಎಲ್ಲಕ್ಕಿಂತ ಮೊದಲು ಮುಗಿಸಿ. ನಡುವೆ ಮಾಡಿಸಿದರೆ ಸಂಖ್ಯೆ ಬದಲಾಗುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯ ಕೊಡುವ ಸಿಎಎಸ್ ಎಂಬ ಪ್ರವೇಶ ದೃಢೀಕರಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯೂ ಇರುವುದರಿಂದ ಅದನ್ನೂ ತಿದ್ದಿಸಬೇಕಾಗುತ್ತದೆ.

ಕಾಗದಗಳನ್ನೆಲ್ಲ ಒಂದೇ ಬಾರಿಗೆ ಕೂಡಿಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಒಂದೊಂದಕ್ಕೂ ಅದರದೇ ಆಯಸ್ಸಿದೆ. ಐಇಎಲ್‌ಟಿಎಸ್, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಳ ಅಂಕಗಳು 2 ವರ್ಷ, ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯದು 5 ವರ್ಷ, ಸಿಎಎಸ್ 6 ತಿಂಗಳು. ಬ್ಯಾಂಕ್ ಸ್ಟೇಟ್‌ಮೆಂಟಿನದು ಎಲ್ಲಕ್ಕಿಂತ ಕಡಿಮೆ. ಹಾಗಾಗಿ ತರಗತಿ ಶುರುವಾಗುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ, ಯಾವುದನ್ನು ಯಾವಾಗ ಪಡೆಯಬೇಕು ಎಂದು ತಾರೀಕು ಬರೆದಿಟ್ಟುಕೊಳ್ಳಿ.

ಹೆಚ್ಚು ಅರ್ಜಿಗಳು ಎಡವುವುದು ಹಣದ ಕಾಗದಗಳಲ್ಲಿ, ಅದೂ ಹಣ ಇದ್ದೂ. ಬ್ರಿಟನ್ನಿನ ನಿಯಮ ನೋಡಿ: ಬಾಕಿ ಇರುವ ಮೊದಲ ವರ್ಷದ ಶುಲ್ಕ ಮತ್ತು ಗರಿಷ್ಠ 9 ತಿಂಗಳ ಜೀವನವೆಚ್ಚ, ಎರಡೂ ಸೇರಿದ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28 ದಿನಗಳ ಕೊನೆಯ ದಿನ ಅರ್ಜಿಯ ದಿನಕ್ಕಿಂತ ಹಿಂದಿನ 31 ದಿನಗಳ ಒಳಗೆ ಬರಬೇಕು. ನಡುವೆ ಒಂದೇ ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ನಿಮ್ಮ ಹಣ ಬೇರೆ ನಾಣ್ಯದಲ್ಲಿದ್ದರೆ ಅರ್ಜಿ ಸಲ್ಲಿಸುವ ದಿನದ ವಿನಿಮಯ ದರ ಲೆಕ್ಕಕ್ಕೆ ಬರುತ್ತದೆ. ಸರಿಯಾಗಿ ಬೇಕಾದಷ್ಟೇ ಇಟ್ಟವರು ದರ ಸ್ವಲ್ಪ ಜಾರಿದರೂ ಕೊರತೆಗೆ ಬೀಳುತ್ತಾರೆ, ಆದ್ದರಿಂದ ಒಂದಿಷ್ಟು ಹೆಚ್ಚೇ ಇರಲಿ. ತಂದೆತಾಯಿಯ ಖಾತೆ ತೋರಿಸುವುದಾದರೆ ಸಂಬಂಧ ತೋರಿಸುವ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ಚಿಕ್ಕಪ್ಪ, ಸೋದರಮಾವನ ಖಾತೆ ಅಲ್ಲಿ ನಡೆಯುವುದಿಲ್ಲ.

ಜರ್ಮನಿಯ ದಾರಿ ಬೇರೆ. ಒಂದು ವರ್ಷದ ಖರ್ಚನ್ನು ‘ಶ್ಪೆರ್‌ಕೊಂಟೊ’ ಎಂಬ ತಡೆಹಿಡಿದ ಖಾತೆಗೆ ಮೊದಲೇ ಕಟ್ಟಬೇಕು. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಮೊತ್ತ 11,904 ಯೂರೊ, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಹಣ ವರ್ಗಾವಣೆಯಾಗುವಾಗ ನಡುವಿನ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಳ್ಳುವುದುಂಟು. ಕೆಲವೇ ಯೂರೊ ಕಡಿಮೆಯಾದರೂ ಹಣ ಪೂರ್ತಿ ಬಂದಿದೆ ಎಂದು ಖಾತೆಯವರು ಕೊಡುವ ದೃಢೀಕರಣ ಪತ್ರ ನಿಂತುಹೋಗುತ್ತದೆ, ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ.

ಯಾವ ದೇಶವಾದರೂ, ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ದಿಢೀರನೆ ದೊಡ್ಡ ಮೊತ್ತ ಬಿದ್ದಿದ್ದರೆ ಅದು ಎಲ್ಲಿಂದ ಬಂತು ಎಂಬ ಕಾಗದ ಜೊತೆಗೇ ಇರಲಿ. ಠೇವಣಿ ಮುರಿದ ರಸೀದಿ, ಆಸ್ತಿ ಮಾರಿದ ಪತ್ರ, ಸಾಲ ಮಂಜೂರಾತಿ ಪತ್ರ, ಯಾವುದು ನಿಜವೋ ಅದು.

ಅನುವಾದ ಬೇಕಾದ ದಾಖಲೆಗಳಲ್ಲಿ ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ, ಇದು ಮೂಲಕ್ಕೆ ಸರಿಯಾದ ಅನುವಾದ ಎಂಬ ಒಂದು ಸಾಲು ಇರಬೇಕು. ಅಪಾಸ್ಟಿಲ್ (ದಾಖಲೆ ಅಸಲಿ ಎಂದು ವಿದೇಶದಲ್ಲಿ ತೋರಿಸಲು ಸರ್ಕಾರ ಹಾಕಿಕೊಡುವ ಮುದ್ರೆ) ಕೂಡ ಬೇಕಿದ್ದರೆ ಸಾಮಾನ್ಯವಾಗಿ ಮೂಲಕ್ಕೆ ಮೊದಲು ಅಪಾಸ್ಟಿಲ್, ಆಮೇಲೆ ಅನುವಾದ. ಆಗ ಮುದ್ರೆಯಲ್ಲಿರುವ ಮಾತುಗಳೂ ಅನುವಾದವಾಗುತ್ತವೆ. ಅಪಾಸ್ಟಿಲ್ ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ.

ಸ್ಕ್ಯಾನ್ ಮಾಡುವಾಗ ಬಣ್ಣದಲ್ಲೇ ಮಾಡಿ, ನಾಲ್ಕೂ ಅಂಚು ಕಾಣಲಿ. ಅಂಕಪಟ್ಟಿಯ ಹಿಂಬದಿಯಲ್ಲಿ ಗ್ರೇಡಿನ ವಿವರಣೆ ಇದ್ದರೆ ಅದನ್ನೂ ಬಿಡಬೇಡಿ. ವಿಶ್ವವಿದ್ಯಾಲಯ ಮೊಹರು ಹಾಕಿ ಕೊಟ್ಟ ಟ್ರಾನ್ಸ್‌ಕ್ರಿಪ್ಟ್ ಲಕೋಟೆಯನ್ನು ತೆರೆದರೆ ಅದಕ್ಕೆ ಬೆಲೆ ಇಲ್ಲ. ಫೋಟೊ ಎಲ್ಲ ದೇಶಕ್ಕೂ ಒಂದೇ ಸಾಲದು: ಅಮೆರಿಕಕ್ಕೆ 51×51 ಮಿಲಿಮೀಟರಿನ ಚೌಕ, ಕನ್ನಡಕ ಹಾಕುವಂತಿಲ್ಲ; ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳಿಗೆ 35×45.

ಡಿಎಸ್-160 ತುಂಬುವಾಗ 20 ನಿಮಿಷ ಸುಮ್ಮನೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ. ಆರಂಭದಲ್ಲಿ ಸಿಗುವ ಅಪ್ಲಿಕೇಶನ್ ಐಡಿ ಬರೆದುಕೊಂಡಿದ್ದರೆ ಮಾತ್ರ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಅಮೆರಿಕದ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪ್ರವೇಶ ದಾಖಲೆ ಕೈಗೆ ಬಂದ ಮೇಲೆ ಅದರಲ್ಲಿರುವ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಸಂಖ್ಯೆ ಕೊಟ್ಟು ಆ ವ್ಯವಸ್ಥೆಯ ಐ-901 ಶುಲ್ಕ ಕಟ್ಟಬೇಕು. ಸಂದರ್ಶನಕ್ಕೆ ಆ ರಸೀದಿ ಬೇಕೇ ಬೇಕು.

ವಿಶ್ವವಿದ್ಯಾಲಯಕ್ಕೆ ಬರೆದ ಎಸ್‌ಒಪಿಯನ್ನು ವೀಸಾಕ್ಕೂ ಹಾಗೇ ಅಂಟಿಸುವುದು ತಪ್ಪು. ಆಸ್ಟ್ರೇಲಿಯಾ 2024ರ ಮಾರ್ಚ್‌ನಿಂದ, ನಿಜಕ್ಕೂ ಓದಲೆಂದೇ ಬರುತ್ತಿದ್ದೀರಾ ಎಂದು ತಿಳಿಯುವ ‘ಜೆನ್ಯೂಯಿನ್ ಸ್ಟೂಡೆಂಟ್’ ಪ್ರಶ್ನೆಗಳನ್ನು ಕೇಳುತ್ತಿದ್ದು, ಒಂದೊಂದಕ್ಕೂ 150 ಪದಗಳೊಳಗೆ ಉತ್ತರಿಸಬೇಕು. ಅಷ್ಟರಲ್ಲಿ ಆದರ್ಶದ ಮಾತಿಗೆ ಜಾಗವಿಲ್ಲ. ಓದು ನಿಂತ ತಿಂಗಳುಗಳಲ್ಲಿ ಏನು ಮಾಡಿದಿರಿ ಎಂಬುದನ್ನು ತಾರೀಕು ಸಮೇತ ಹೇಳಿ, ಆ ತಾರೀಕುಗಳು ರೆಸ್ಯೂಮೆಯಲ್ಲೂ ಶಿಫಾರಸು ಪತ್ರದಲ್ಲೂ ಹಾಗೇ ಇರಲಿ.

ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದ್ದರೆ, ಫಾರ್ಮು ಕೇಳಿದ ಕಡೆ ಹೇಳಿಬಿಡಿ. ನಿರಾಕರಣೆಯಿಂದಲೇ ಬಾಗಿಲು ಮುಚ್ಚುವುದಿಲ್ಲ. ಸುಳ್ಳು ಮಾಹಿತಿ ಕೊಟ್ಟರೆ ಕೆನಡಾ 5 ವರ್ಷ, ವಂಚನೆ ಎಂದು ಕಂಡರೆ ಬ್ರಿಟನ್ 10 ವರ್ಷದವರೆಗೆ ಬಾಗಿಲು ಹಾಕಬಹುದು. ಏಜೆಂಟ್ ತುಂಬಿದ್ದು ಎಂಬ ಸಮಜಾಯಿಷಿ ನಡೆಯುವುದು ಕಷ್ಟ, ಸಲ್ಲಿಸುವ ಮುನ್ನ ಪ್ರತಿ ಸಾಲನ್ನೂ ನೀವೇ ಓದಿ.

ವೀಸಾ ಬಂದ ದಿನವೇ ಅದರಲ್ಲಿನ ಹೆಸರು, ಹುಟ್ಟಿದ ತಾರೀಕು, ಅವಧಿ ಪರೀಕ್ಷಿಸಿ. ತಪ್ಪಿದ್ದರೆ ತಿದ್ದಿಸುವುದು ಆಗಲೇ ಸುಲಭ. ಅಮೆರಿಕಕ್ಕೆ ಹೊಸದಾಗಿ ಹೋಗುವವರು ಐ-20ಯಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಹೆಚ್ಚು ಮುಂಚೆ ಒಳಗೆ ಹೋಗುವಂತಿಲ್ಲ, ಟಿಕೆಟ್ ತೆಗೆಯುವಾಗ ಇದು ನೆನಪಿರಲಿ. ಐ-20 ಮತ್ತು ಇತರ ಮೂಲ ಕಾಗದಗಳನ್ನು ಕೈಚೀಲದಲ್ಲಿಟ್ಟುಕೊಳ್ಳಿ. ವಲಸೆ ಕೌಂಟರಿನಲ್ಲಿ ಅವನ್ನು ಕೇಳುವ ಹೊತ್ತಿಗೆ ವಿಮಾನಕ್ಕೆ ಹಾಕಿದ ಪೆಟ್ಟಿಗೆ ನಿಮ್ಮ ಕೈಗೆ ಬಂದಿರುವುದಿಲ್ಲ.