ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ: ಆರನೇ ಪ್ರಯತ್ನ

ಕೊನೆಗೂ ಸಿಕ್ಕಿತು. ಆರನೇ ಸಲ ಮೆಟ್ಟಿಲು ಹತ್ತಿದ ಮೇಲೆ. ಮೊಣಕಾಲು ಇನ್ನೂ ಶಾಪ ಹಾಕುತ್ತಿದೆ, ಆದರೂ ಮರೆಯುವ ಮುಂಚೆ ಬರೆದುಬಿಡುತ್ತೇನೆ.

ವರ್ಗವಾಗಿ ವಿಜಯಪುರಕ್ಕೆ ಬಂದು ಎಂಟು ತಿಂಗಳಾಯಿತು. ಬಂದ ಹೊಸದರಲ್ಲಿ ಎಲ್ಲರ ಹಾಗೆ ಒಂದು ಭಾನುವಾರ ಆಟೋ ಮಾಡಿಕೊಂಡು ಊರು ಸುತ್ತಿದೆ. ಮನೆಗೆ ಬಂದು ನೋಡಿದರೆ ನನ್ನ ಫೋಟೊಗಳೆಲ್ಲ ಪಕ್ಕದ ಮನೆಯವರ ಕ್ಯಾಲೆಂಡರ್ ಥರಾನೇ ಇದ್ದವು. ಹೇಗೂ ರೆಕಾರ್ಡರ್ ಇದೆಯಲ್ಲ ಅಂತ ಶುರುವಾಗಿದ್ದು ಈ ಸೌಂಡ್ ಮ್ಯಾಪ್, ಅಂದರೆ ಊರಿನ ಒಂದೊಂದು ಜಾಗದ ಸದ್ದು ಹಿಡಿದಿಟ್ಟ ನಕ್ಷೆ. ಜುಮ್ಮಾ ಮಸೀದಿ, ತಾಜ್ ಬಾವಡಿ, ಇಬ್ರಾಹಿಂ ರೋಜಾ ಮುಗಿದವು. ಅವುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಗೇನ್ (ಮೈಕು ಸದ್ದು ಹಿಡಿಯುವ ಮಟ್ಟ) ಹಾಕಿದೆ, ಬಂತು.

ಸಿಕ್ಕಿಹಾಕಿಕೊಂಡಿದ್ದು ಗೋಲಗುಮ್ಮಟದಲ್ಲಿ. ಮೇಲಿನ ಗ್ಯಾಲರಿಯಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಎದುರು ಕಡೆ ಕೇಳುತ್ತದೆ, ಅದು ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದದ್ದು ಬೇರೆ: ಆ ಸದ್ದು ಗಾಳಿಯಲ್ಲಿ ನೇರವಾಗಿ ಬರುತ್ತದಾ, ಗೋಡೆ ಹಿಡಿದುಕೊಂಡು ಬರುತ್ತದಾ? ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ನೇರ ಬಂದರೆ 38, ಗೋಡೆಗುಂಟ ಬಂದರೆ ಅರ್ಧ ಸುತ್ತು, ಅಂದರೆ ಹತ್ತಿರ ಹತ್ತಿರ 60. ಲೆಕ್ಕ ಹಾಕಿದರೆ ಎರಡರ ನಡುವೆ 62 ಮಿಲಿಸೆಕೆಂಡ್ ಚಿಲ್ಲರೆ. ವೇವ್‌ಫಾರ್ಮಿನಲ್ಲಿ, ಅಂದರೆ ಸದ್ದಿನ ಗೆರೆಚಿತ್ರದಲ್ಲಿ, ಕಣ್ಣಿಗೆ ಕಾಣುವಷ್ಟು ಅಂತರ, ಅಲ್ವಾ?

ಮೊದಲ ಮೂರು ಸಲ ಹಾಳಾಗಿದ್ದು ನನ್ನ ಬುದ್ಧಿವಂತಿಕೆಯಿಂದಲೇ. ಎರಡು ರೆಕಾರ್ಡರ್ ತಗೊಂಡು ಹೋಗಿ, ಎರಡರ ಗಡಿಯಾರ ಹೊಂದಿಸಲು ಒದ್ದಾಡಿದೆ. ಆಮೇಲೆ ಒಂದು ರಾತ್ರಿ ಹಲ್ಲು ಉಜ್ಜುವಾಗ ಹೊಳೆಯಿತು: ಎರಡು ಸದ್ದೂ ಬಂದು ಬೀಳುವುದು ಒಂದೇ ಮೈಕಿಗೆ, ನನಗೆ ಬೇಕಾದದ್ದು ಅವುಗಳ ನಡುವಿನ ಅಂತರ ಮಾತ್ರ, ಹಾಗಿದ್ದ ಮೇಲೆ ಎರಡನೇ ರೆಕಾರ್ಡರ್ ಯಾಕೆ ಬೇಕು! ಮೂರು ವಾರ ಹೋಯಿತು. ನಗಬೇಡಿ.

ನಾಲ್ಕನೇ ಸಲ ಒಂದೇ ರೆಕಾರ್ಡರ್. ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಬ್ಯಾಗಿನ ಮೇಲೆ ಟವಲ್ ಮಡಚಿ ಇಟ್ಟೆ. ಸುತ್ತು ಹಾಕಿ ಆಚೆ ಹೋಗಿ ಚಪ್ಪಾಳೆ ಹೊಡೆದೆ. ಮನೆಗೆ ಬಂದು ಕೇಳಿದರೆ ಮೊದಲಿಗೆ ಬಂದಿದ್ದು ಒಂದು ಮಗುವಿನ ದನಿ: "ಅವ್ವಾ, ಇಲ್ಲೊಂದು ಮೊಬೈಲ್ ಬಿದ್ದೈತಿ!" ಆಮೇಲೆ ಶಾಲಾ ಪ್ರವಾಸದ ಒಂದು ದಂಡು. ಅವರ ಒಂದೊಂದು ಕೂಗೂ ಏಳೆಂಟು ಸಲ ತಿರುಗಿ ಬರುವಾಗ ನನ್ನ ಬಡ ಚಪ್ಪಾಳೆಯನ್ನು ಎಲ್ಲಿ ಹುಡುಕಲಿ. ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಬೇಕು, ಬೇರೆ ದಾರಿಯೇ ಇಲ್ಲ.

ಐದನೇ ಸಲ ಜನ ಇರಲಿಲ್ಲ, ಆದರೂ ಗೆರೆಚಿತ್ರದಲ್ಲಿ ಎರಡನೇ ಸ್ಪೈಕ್ (ಗೋಡೆ ಹಿಡಿದು ಬರುವ ಸದ್ದಿನ ಮುಳ್ಳು) ಚಪ್ಪಟೆ. ತಪ್ಪು ಎಲ್ಲಿತ್ತು ಅಂದರೆ, ನಾನು ನಿಂತಿದ್ದು ಸರಿಯಾಗಿ ಎದುರಿಗೆ ಅಲ್ಲ, ಕಣ್ಣಳತೆಯಲ್ಲಿ "ಸುಮಾರು ಎದುರು". ಗುಮ್ಮಟ ಅರ್ಧ ಚೆಂಡಿನ ಹಾಗಿದೆ. ಚೆಂಡಿನ ಮೇಲೆ ಒಂದು ಚುಕ್ಕಿ ಇಟ್ಟು, ಅದರ ನೇರ ಎದುರು ಚುಕ್ಕಿಗೆ ದಾರ ಹಿಡಿದು ನೋಡಿ: ಪಕ್ಕದಿಂದ ಹೋದರೂ, ನೆತ್ತಿಯ ಮೇಲಿಂದ ಹೋದರೂ ಉದ್ದ ಅಷ್ಟೇ. ಅಂದರೆ ಒಳಮೈ ಹಿಡಿದು ಬರುವ ಸದ್ದೆಲ್ಲ ಆ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬಂದು ಸೇರುತ್ತದೆ. ಸ್ವಲ್ಪ ಆಚೀಚೆ ಆದರೆ ಚದುರಿಹೋಗುತ್ತದೆ.

ಸರಿ, ಆ ಜಾಗ ಹುಡುಕಲು ಲೇಸರ್ ಮೀಟರ್ ತರಿಸಿದೆ. ಡಬ್ಬಿಯ ಮೇಲೆ 40 ಮೀಟರ್ ಅಂತ ಬರೆದಿತ್ತು. 26 ದಾಟಿದರೆ ಸುಮ್ನೆ ಎರರ್. ಮಾರಿದವನಿಗೆ ಕೇಳಿದರೆ "ಬಿಳಿ ಗೋಡೆಗೆ ಹಿಡಿದು ನೋಡಿ ಸರ್" ಅಂದ. 1656ರ ಕಟ್ಟಡ, ಒಳಗೆ ಮಲಗಿರುವುದು ಮುಹಮ್ಮದ್ ಆದಿಲ್ ಶಾಹ. ನಿನ್ನ ಮೀಟರಿಗೋಸ್ಕರ ಸುಣ್ಣ ಹೊಡೆಸಲಾ? ಇದೇ ಜನ ಹೋದ ತಿಂಗಳು ಮೈಕಿಗೆ ಹಾಕುವ ತುಪ್ಪಳದ ಟೋಪಿ ಅಂತ ಕೀ ಚೈನಿನ ಬೊಂಬೆ ಕಳಿಸಿದ್ದರು.

(ಆ ಟೋಪಿ ಬೇಕಿದ್ದದ್ದು ಉಪ್ಪಲಿ ಬುರುಜಿಗೆ. 1584ರಲ್ಲಿ ಕಟ್ಟಿದ್ದು, ಮೇಲೆ ಉದ್ದುದ್ದ ತೋಪುಗಳಿವೆ. ತೋಪಿನ ಬಾಯಲ್ಲಿ ಗಾಳಿ ಊದುತ್ತದಾ ಅಂತ ನೋಡಬೇಕು. ಮಲಿಕ್-ಎ-ಮೈದಾನ್ ತೋಪೂ ಪಟ್ಟಿಯಲ್ಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, ಅದೂ ಗಂಟೆಯ ಲೋಹ! ಮುಟ್ಟದೆ ಅದರಿಂದ ಸದ್ದು ಹೊರಡಿಸುವುದು ಹೇಗೆ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.)

ಕೊನೆಗೆ ಕೆಲಸ ಮಾಡಿದ್ದು ಗಾರೆಯವರು ಕಟ್ಟುವ ನೈಲಾನ್ ದಾರ. ಒಂದು ಉಂಡೆ. ರೆಕಾರ್ಡರ್ ಇಟ್ಟ ಜಾಗದಿಂದ ಗೋಡೆಗುಂಟ ಎಡಕ್ಕೆ ಒಂದು ಅಳತೆ ಎಳೆದು ಸೀಮೆಸುಣ್ಣದ ಬದಲು ಕರವಸ್ತ್ರ ಇಟ್ಟೆ. ಅದೇ ದಾರ, ಅದೇ ಗಂಟು, ಈ ಸಲ ಬಲಕ್ಕೆ ಎಳೆದು ಚಪ್ಪಲಿ ಇಟ್ಟೆ. ಕರವಸ್ತ್ರಕ್ಕೂ ಚಪ್ಪಲಿಗೂ ಉಳಿದ ಸಂದಿನ ನಡುಮಧ್ಯವೇ ನೇರ ಎದುರು. ಸುತ್ತಳತೆ ಗೊತ್ತಿರಬೇಕಾಗಿಲ್ಲ. ದಾರ ಹಿಗ್ಗಿದರೂ ಎರಡೂ ಕಡೆ ಅಷ್ಟೇ ಹಿಗ್ಗುತ್ತದೆ.

ಇಷ್ಟು ಹೊತ್ತಿಗೆ ಕಾವಲಿನವರು ಹಿಂದೆಯೇ ಬಂದು ನಿಂತಿದ್ದರು. "ಏನ್ರೀ ಸರ, ವಾರಾ ವಾರಾ ಬರ್ತೀರಿ, ಇಲ್ಲಿ ಏನಾರ ಕಳಕೊಂಡೀರೇನ್ರಿ?" ಹೇಳಿದೆ. ಹೂಂ ಅಂದರು, ನಂಬಿದ ಹಾಗೆ ಕಾಣಲಿಲ್ಲ. ಹತ್ತು ಸಲ ಚಪ್ಪಾಳೆ ಹೊಡೆದೆ, ಪ್ರತಿ ಸಲ ಗುಮ್ಮಟ ಪೂರ್ತಿ ಸುಮ್ಮನಾಗುವ ತನಕ ಕಾದು.

ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆ. ಮೊದಲು ಒಂದು ಮುಳ್ಳು. 63 ಮಿಲಿಸೆಕೆಂಡ್ ಬಿಟ್ಟು ಇನ್ನೊಂದು, ಮೊದಲನೆಯದಕ್ಕಿಂತ ಎತ್ತರ! ಹತ್ತರಲ್ಲಿ ಎಂಟು ಸಲ ಹಾಗೇ. ಗೋಡೆ ಹಿಡಿದು ಬಂದದ್ದೇ ಜಾಸ್ತಿ. ಮುಂದಿನ ಭಾನುವಾರ ಬಾರಾ ಕಮಾನ್: ಅಲ್ಲಿ ಕಮಾನುಗಳಿವೆ, ಗುಮ್ಮಟವೇ ಇಲ್ಲ, ಅದೇ ಚಪ್ಪಾಳೆ ಅಲ್ಲಿ ಹೇಗೆ ಬರುತ್ತದೆ ನೋಡಬೇಕು.

ಕಾವಲಿನವರಿಗೆ ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. "ನಡುವ ಕೆಮ್ಮಿದಾಂವ ನಾನ ಅಲ್ಲೇನ್ರಿ? ಅದಕ್ಕೂ ಎರಡು ಮುಳ್ಳು ಅದಾವೇನ್ ನೋಡ್ರಿ."

ನೋಡಿದೆ. ಇದ್ದವು.