ಕೊನೆಯ ಏಳು ಅಂಗುಲ

ಇಂಗ್ಲೆಂಡಿಗೆ ಬಂದ ಮೇಲೆ ಮೀನು ಹಿಡಿಯಲೆಂದು ನಾನು ಕೊಂಡ ಮೊದಲ ಸಾಮಾನು ಗಾಳವಲ್ಲ, ರೀಲೂ ಅಲ್ಲ. ಮೀನನ್ನು ಮಲಗಿಸುವ ಹಾಸಿಗೆ. ಫೋನಿನಲ್ಲಿ ಇದನ್ನು ಹೇಳಿದಾಗ ಊರಿನಲ್ಲಿರುವ ಸೋದರಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೀನಿಗೆ ಹಾಸಿಗೆಯೇನಪ್ಪಾ?" ಎಂದರು. ಮಳವಳ್ಳಿ ಕಡೆಯ ಕಾವೇರಿ ದಂಡೆಯಲ್ಲಿ ನನಗೆ ಗಾಳ ಕಟ್ಟುವುದನ್ನು ಕಲಿಸಿದವರು ಅವರು. ಯೌವನದಲ್ಲಿ ಭೀಮೇಶ್ವರಿಯ ಬಳಿ ಮಹಶೀರ್ ಹಿಡಿಯಲು ಬರುತ್ತಿದ್ದ ವಿದೇಶಿಯರಿಗೆ ನೆರವಾಗುತ್ತಿದ್ದರು. ಹಿಡಿದು ಬಿಡುವುದು ಅವರಿಗೆ ಹೊಸದಲ್ಲ. ಹಾಸಿಗೆ ಮಾತ್ರ ಹೊಸದು. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನಿರುವುದು ಸ್ವಿಂಡನ್‌ನಲ್ಲಿ. ಉತ್ತರಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಕಾಟ್ಸ್‌ವಲ್ಡ್ ವಾಟರ್ ಪಾರ್ಕ್. ಹೆಸರು ಕೇಳಿ ಜಾರುಬಂಡೆಗಳ ಉದ್ಯಾನವೆಂದುಕೊಳ್ಳಬೇಡಿ. ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ತುಂಬಿ ಆದ ನೂರಕ್ಕೂ ಹೆಚ್ಚು ಕೆರೆಗಳ ಸೀಮೆ ಅದು. ನೀರು ತಿಳಿ, ತಳದಲ್ಲಿ ಜಲ್ಲಿಯ ದಿಬ್ಬ, ನಡುವೆ ದಟ್ಟ ಜೊಂಡು. ಹದಿಮೂರು ವರ್ಷ ತುಂಬಿದ ಯಾರೂ ಎನ್ವಿರಾನ್‌ಮೆಂಟ್ ಏಜೆನ್ಸಿಯ ಪರವಾನಗಿ ಇಲ್ಲದೆ ಗಾಳ ಹಾಕುವಂತಿಲ್ಲ. 13ರಿಂದ 16ರವರೆಗಿನ ಮಕ್ಕಳಿಗೆ ಅದು ಉಚಿತ. ಅದರ ಮೇಲೆ ಆಯಾ ಕೆರೆಯ ಚೀಟಿ ಬೇರೆ. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗೆಂಡೆಯಂಥ (ಇಲ್ಲಿನವರ ಕಾರ್ಪ್) ಮೀನುಗಳನ್ನು ಹಿಡಿಯುವಂತಿಲ್ಲ, ಹೆಚ್ಚಿನ ಕೆರೆಗಳಿಗೆ ಆ ನಿಷೇಧವಿಲ್ಲ. ಒಡೆಯರ ಒಪ್ಪಿಗೆಯಿಲ್ಲದೆ ಗೆಂಡೆಯನ್ನು ಮನೆಗೆ ಒಯ್ಯುವ ಮಾತೇ ಇಲ್ಲ. ತೂಗಿ, ಚಿತ್ರ ತೆಗೆದು, ಬಿಡಬೇಕು.

ನೆರೆಮನೆಯ ಹಿರಿಯರೊಬ್ಬರು ಜೀವಮಾನವಿಡೀ ಗೆಂಡೆ ಹಿಡಿದವರು. ನನ್ನ ಆಸೆ ಕೇಳಿ ಅವರು ಹೇಳಿದ ಮೊದಲ ಮಾತು: "ಮೀನು ದಡಕ್ಕೆ ಬಂದ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ದಡಕ್ಕೆ ತರುವುದು ಹೇಗೆಂದು ಆಮೇಲೆ ನೋಡೋಣ." ಹಾಗಾಗಿ ಮೊದಲು ಬಂದದ್ದು ಮೆತ್ತನೆಯ ಹಾಸಿಗೆ, 42 ಅಂಗುಲ ಬಾಯಿಯ ಎತ್ತುಬಲೆ, ತೂಗುವ ಜೋಳಿಗೆ, ಗಾಳದ ಗಾಯಕ್ಕೆ ಹಚ್ಚುವ ಔಷಧ. ಹತ್ತು ಕಿಲೋ ತೂಗುವ ಮೀನು ಜಲ್ಲಿಕಲ್ಲಿನ ಮೇಲೆ ಒಮ್ಮೆ ಹೊರಳಿದರೆ ಹುರುಪೆ ಕಿತ್ತು, ಮೈಮೇಲಿನ ಲೋಳೆ ಹೋಗುತ್ತದೆ. ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಹಾಸಿಗೆಯನ್ನು ಮೊದಲೇ ನೀರು ಚೆಲ್ಲಿ ನೆನೆಸಿಡುತ್ತೇವೆ.

ಕಡ್ಡಿ, ರೀಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಜನ ಅಗತ್ಯಕ್ಕಿಂತ ಹೆಚ್ಚು ಹಣ ಸುರಿಯುವುದು ಅಲ್ಲೇ. ಹನ್ನೆರಡು ಅಡಿಯ, 2.75 ಪೌಂಡ್ ಎಂದು ಬರೆದಿರುವ ಕಡ್ಡಿ ಸಾಕು. ತುದಿಯನ್ನು ಹಿಡಿಗೆ ಲಂಬವಾಗುವಷ್ಟು ಬಗ್ಗಿಸಲು ಬೇಕಾದ ತೂಕ ಎಂದು ಆ ಅಂಕಿಯ ಅರ್ಥ, ಅಂದರೆ ಸುಮಾರು ಒಂದೂಕಾಲು ಕಿಲೋ. ನಾನು ಮೊದಲು ಹೋದ ಅಂಗಡಿಯಲ್ಲಿ ಮೂರೂವರೆ ಪೌಂಡಿನ ಗಡುಸು ಕಡ್ಡಿಯನ್ನು ಹೊಗಳಿ ಹೊಗಳಿ ಕೈಗಿಟ್ಟರು. ನೂರು ಗಜ ಆಚೆ ಎಸೆಯುವವರಿಗೆ ಅದು ಸರಿ. ನನ್ನ ಕೆರೆಯಲ್ಲಿ ಮೀನು ಓಡಾಡುವುದು ಮೂವತ್ತು ಗಜದೊಳಗೆ. ಅಷ್ಟು ಹತ್ತಿರದಲ್ಲಿ ಬಾಗದ ಕಡ್ಡಿಯಿಂದ ಎಳೆದರೆ ಗಾಳ ಬಾಯಿಯಿಂದ ಕಿತ್ತುಬರುತ್ತದೆ. ಮೀನು ಓಡಿದಾಗ ದಾರವನ್ನು ಸಲೀಸಾಗಿ ಬಿಡುವ ರೀಲು, 15 ಪೌಂಡಿನ ಎಳೆತ ತಡೆಯುವ ನೈಲಾನ್ ದಾರ. ಇಷ್ಟಾದರೆ ಆಯಿತು.

ಉಳಿದ ವಿದ್ಯೆಯೆಲ್ಲ ದಾರದ ತುದಿಯ ಏಳು ಅಂಗುಲದಲ್ಲಿದೆ.

ಗೆಂಡೆ ಹೇಗೆ ತಿನ್ನುತ್ತದೆ ಎಂಬುದನ್ನು ಗಮನಿಸಿದರೆ ಆ ಏಳು ಅಂಗುಲದ ಮಹತ್ವ ತಿಳಿಯುತ್ತದೆ. ಅದು ಕಚ್ಚುವ ಮೀನಲ್ಲ. ತುಟಿಯನ್ನು ಕೊಳವೆಯಂತೆ ಮುಂದೆ ಚಾಚಿ, ತಳದ ಕೆಸರನ್ನೇ ಹೀರಿ, ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಉಗುಳುತ್ತದೆ. ಹಲ್ಲುಗಳಿರುವುದು ಗಂಟಲಿನಲ್ಲಿ. ಹಿಂದೆ ಎರೆಯನ್ನು ನೇರವಾಗಿ ಗಾಳಕ್ಕೇ ಸಿಕ್ಕಿಸುತ್ತಿದ್ದರು. ಬಾಯಿಗೆ ಲೋಹ ತಗುಲಿದೊಡನೆ ಮೀನು ಉಗುಳಿಬಿಡುತ್ತಿತ್ತು. 1980ರ ಆಸುಪಾಸಿನಲ್ಲಿ ಲೆನ್ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎಂಬ ಇಬ್ಬರು ಇದನ್ನು ತಲೆಕೆಳಗು ಮಾಡಿದರು. ಗಾಳವನ್ನು ಬರಿದಾಗಿ ಬಿಟ್ಟು, ಅದರ ಪಕ್ಕದಲ್ಲಿ ಒಂದು ಕೂದಲೆಳೆಯಲ್ಲಿ ಎರೆಯನ್ನು ತೂಗುಬಿಟ್ಟರು. ಮೊದಲು ಬಳಸಿದ್ದು ನಿಜವಾದ ಕೂದಲನ್ನೇ, ಅದಕ್ಕೇ ಅದರ ಹೆಸರು ಹೇರ್ ರಿಗ್. ಮೀನು ಎರೆಯನ್ನು ಹೀರಿದಾಗ ಗಾಳವೂ ಹಿಂದೆಯೇ ಒಳಗೆ ಹೋಗುತ್ತದೆ. ಉಗುಳಿದಾಗ ಎರೆ ಮೊದಲು ಹೊರಬರುತ್ತದೆ, ಗಾಳದ ಮೊನೆ ಕೆಳತುಟಿಯಲ್ಲಿ ನಾಟಿಕೊಳ್ಳುತ್ತದೆ. ಇಷ್ಟು ಸರಳವಾದದ್ದು ಅಷ್ಟು ಕಾಲ ಯಾರಿಗೂ ಹೊಳೆಯದೆ ಇದ್ದದ್ದು ನನಗೆ ಇಂದಿಗೂ ಬೆರಗು.

ಕಟ್ಟುವುದು ಹೀಗೆ. ಹೆಣೆದ ಮೃದು ದಾರ ಒಂದಡಿಗೂ ತುಸು ಹೆಚ್ಚು ಬೇಕು; ಕುಣಿಕೆ, ಸುತ್ತು, ಗಂಟುಗಳಿಗೆ ಹೋಗಿ ಉಳಿಯುವುದೇ ಆ ಏಳು ಅಂಗುಲ. ಒಂದು ತುದಿಗೆ ಪುಟ್ಟ ಕುಣಿಕೆ ಹಾಕಿ, ಸೂಜಿಯಿಂದ ಎರೆಯುಂಡೆಯನ್ನು ಅದರೊಳಗೆ ಏರಿಸಿ, ಜಾರದಂತೆ ಕುಣಿಕೆಗೆ ಚಿಕ್ಕ ಪ್ಲಾಸ್ಟಿಕ್ ತಡೆ ಇಡಬೇಕು. ದಾರದ ಇನ್ನೊಂದು ತುದಿಯನ್ನು 6ನೇ ನಂಬರಿನ ಗಾಳದ ಕಣ್ಣಿಗೆ ಹಿಂಬದಿಯಿಂದ ತೂರಿಸಿ, ಗಾಳದ ಬಾಗಿಗೂ ಉಂಡೆಗೂ ನಡುವೆ ಅರ್ಧ ಸೆಂಟಿಮೀಟರು ಬಿಟ್ಟು, ಗಾಳದ ಕಾಲಿನ ಸುತ್ತ ಏಳೆಂಟು ಸುತ್ತು ಬಿಗಿಯಾಗಿ ಸುತ್ತಬೇಕು. (ಗಾಳದ ನಂಬರು ಉಲ್ಟಾ ಓಡುತ್ತದೆ: 4 ದೊಡ್ಡದು, 10 ಚಿಕ್ಕದು.) ಕೊನೆಗೆ ದಾರವನ್ನು ಮತ್ತೆ ಹಿಂಬದಿಯಿಂದಲೇ ಕಣ್ಣಿಗೆ ತೂರಿಸಬೇಕು. ಮುಂಬದಿಯಿಂದ ತೂರಿಸಿದರೆ ಗಾಳ ತಿರುಗದೆ ಇಡೀ ಶ್ರಮ ವ್ಯರ್ಥ. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡುವುದನ್ನು ಮಾವ ನನಗೆ ಹತ್ತನೇ ವಯಸ್ಸಿನಲ್ಲೇ ಕಲಿಸಿದ್ದರು. ಒಣಗಂಟು ತಿಕ್ಕಾಟದ ಬಿಸಿಗೆ ಸೋಲುತ್ತದೆ. ಕಟ್ಟಿದ್ದನ್ನು ಅಂಗೈಯ ಮೇಲೆ ಮೆಲ್ಲಗೆ ಎಳೆದು ನೋಡಿ. ಗಾಳ ತಾನಾಗಿ ಮಗುಚಿ ಚರ್ಮವನ್ನು ಹಿಡಿಯಬೇಕು. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಗೀರಿ ನೋಡಿ; ಜಾರಿದರೆ ಆ ಗಾಳವನ್ನು ಬಿಸಾಡಿ.

ಇದರ ಹಿಂದೆ ಮೂರು ಔನ್ಸ್, ಅಂದರೆ ಸುಮಾರು 85 ಗ್ರಾಂ ತೂಕದ ಸೀಸ. ಮೊನೆ ಚುಚ್ಚಿ ಮೀನು ಬೆದರಿ ಓಡುವಾಗ ಈ ಭಾರವೇ ಗಾಳವನ್ನು ಒಳಗೆ ಇಳಿಸುತ್ತದೆ. ಇಂಗ್ಲೆಂಡಿನಲ್ಲಿ 28.35 ಗ್ರಾಮಿಗಿಂತ ಕಡಿಮೆ ತೂಕದ ಸೀಸದ ಗುಂಡುಗಳನ್ನು 1987ರಲ್ಲಿ ನಿಷೇಧಿಸಿದರು. ಹಂಸಗಳು ಅವನ್ನು ಕಲ್ಲುಹರಳೆಂದು ನುಂಗಿ ಸಾಯುತ್ತಿದ್ದವು. ದೊಡ್ಡ ಗುಂಡುಗಳಿಗೆ ಆ ನಿಷೇಧವಿಲ್ಲ. ಈ ಸೀಸವನ್ನು ಪ್ಲಾಸ್ಟಿಕ್ ಕ್ಲಿಪ್ಪಿನ ತೋಳಿಗೆ ತೂಗುಹಾಕಿ, ಅದರ ಮೇಲೆ ರಬ್ಬರಿನ ಟೊಪ್ಪಿಗೆ ತಳ್ಳುತ್ತೇವೆ. ಎಷ್ಟು ತಳ್ಳಬೇಕು ಎಂಬಲ್ಲಿ ನಾನು ತಪ್ಪಿದೆ.

ಮೊದಲ ವರ್ಷದ ಅಕ್ಟೋಬರಿನಲ್ಲಿ, ಎಸೆಯುವಾಗ ಸೀಸ ಕಳಚೀತೆಂಬ ಭಯಕ್ಕೆ ರಬ್ಬರನ್ನು ಬಲವಾಗಿ ಒತ್ತಿಬಿಟ್ಟಿದ್ದೆ. ಸಂಜೆ ಮೀನು ಸಿಕ್ಕಿತು, ಜೊಂಡಿನೊಳಗೆ ನುಗ್ಗಿತು, ಜಲ್ಲಿಯ ದಿಬ್ಬಕ್ಕೆ ಉಜ್ಜಿ ದಾರ ಮೇಲ್ಗಡೆ ಕಡಿದುಹೋಯಿತು. ರಬ್ಬರು ಸಡಿಲವಾಗಿದ್ದರೆ ಸೀಸ ಜೊಂಡಿಗೆ ಸಿಕ್ಕಿ ಕಳಚಿ, ಮೀನು ಬರಿಯ ಗಾಳದೊಂದಿಗೆ ಪಾರಾಗುತ್ತಿತ್ತು. ಮೊನೆಯ ಬಳಿ ಹಿಮ್ಮುಳ್ಳಿಲ್ಲದ ಗಾಳವಾದ್ದರಿಂದ ಅದನ್ನೂ ಉದುರಿಸಿಕೊಳ್ಳುತ್ತಿತ್ತು. ನಾನು ಅದಕ್ಕೆ ಸಂಕೋಲೆ ಹಾಕಿ ಕಳಿಸಿದ್ದೆ. ಮರುದಿನ ಬೆಳಗ್ಗೆ ಕೆರೆಯ ಕಾವಲಿನವರಿಗೆ ನಡೆದದ್ದನ್ನು ಹೇಳಿದೆ. ಅವರು ದೋಣಿ ತಂದರು. ಇಬ್ಬರೂ ಜೊಂಡಿನಂಚಿನಲ್ಲಿ ಎರಡು ಗಂಟೆ ಹುಡುಕಿದೆವು. ಮೀನು ಕಾಣಲಿಲ್ಲ.

ಅಂದು ಸಂಜೆ ನೆರೆಮನೆಯ ಹಿರಿಯರು ನನ್ನ ಪೆಟ್ಟಿಗೆಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಸುರಿದು ಒಂದೊಂದನ್ನೂ ಪರೀಕ್ಷಿಸಿದರು. ಒಂದು ಕೈಯಲ್ಲಿ ದಾರ, ಇನ್ನೊಂದರಲ್ಲಿ ಸೀಸ ಹಿಡಿದು, ಬೆರಳಿನ ಬಲದಿಂದಷ್ಟೇ ಎಳೆದರೆ ಸೀಸ ಕಳಚಬೇಕು. ಈಗ ಪ್ರತಿ ಎಸೆತಕ್ಕೂ ಮುನ್ನ ನಾನಿದನ್ನು ಮಾಡುತ್ತೇನೆ. ಹೊಸಬರು ಯಾರಾದರೂ ನನ್ನಿಂದ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಲಿ.

ಎರೆಯ ವಿಷಯಕ್ಕೆ ಬಂದಾಗ ಮಾವನ ದನಿಯೇ ಬದಲಾಯಿತು. ಇಲ್ಲಿನವರು ಬಾಯ್ಲಿ ಎನ್ನುವ ಉಂಡೆಯನ್ನು ಮೀನುಪುಡಿ, ಹಾಲಿನ ಪ್ರೋಟೀನು, ರವೆ ಮುಂತಾದವನ್ನು ಮೊಟ್ಟೆಯಲ್ಲಿ ಕಲಸಿ, ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ ಮಾಡುತ್ತಾರೆ. ಬೇಯಿಸಿದಾಗ ಹೊರಮೈ ಗಟ್ಟಿಯಾಗಿ ಸಣ್ಣ ಮೀನುಗಳು ಕುಕ್ಕಿ ಪುಡಿಮಾಡಲಾಗುವುದಿಲ್ಲ. "ನಾವು ಮಹಶೀರ್‌ಗೆ ರಾಗಿ ಬೇಯಿಸುತ್ತಿದ್ದದ್ದೂ ಅದಕ್ಕೇ ಅಲ್ಲವೇನೋ!" ಎಂದರು. ಹೌದು, ಕಾವೇರಿಯಲ್ಲಿ ರಾಗಿಹಿಟ್ಟಿನ ಬೆಂದ ಉಂಡೆಯೇ ಹೆಸರಾಂತ ಎರೆ. ಭೀಮೇಶ್ವರಿ ಇರುವ ಕಾವೇರಿ ಅಭಯಾರಣ್ಯದಲ್ಲಿ ಈಗ ಗಾಳ ಹಾಕುವಂತಿಲ್ಲ. ಡುಬ್ಬದ ಮಹಶೀರ್ ಅಳಿವಿನಂಚಿಗೆ ಬಂದು ನಿಂತಿದೆ. ಆ ಉಂಡೆಯ ಹದ ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ.

ಮಾವ ಹೇಳಿದ ಹದಕ್ಕೆ ಇಲ್ಲಿನ ಲೆಕ್ಕ ಸೇರಿಸಿದೆ. ಆರು ಮೊಟ್ಟೆಗೆ ಸುಮಾರು ಅರ್ಧ ಕಿಲೋ ಹಿಟ್ಟು: ಭಾರತೀಯ ಅಂಗಡಿಯ ರಾಗಿ ಅರ್ಧ, ಉಳಿದರ್ಧ ರವೆ ಮತ್ತು ಸೋಯಾ, ಏಕೆಂದರೆ ಎಳೆಯುವ ಅಂಟು ರಾಗಿಗಿಲ್ಲ. ಹದಿನೈದು ಮಿಲಿಮೀಟರಿನ ಉಂಡೆ ಕಟ್ಟಿ, ಎರಡು ನಿಮಿಷ ಬೇಯಿಸಿ, ಬಟ್ಟೆಯ ಮೇಲೆ ಇಡೀ ರಾತ್ರಿ ಆರಿಸಿದೆ.

ಈ ಮೇ ತಿಂಗಳ ಒಂದು ಭಾನುವಾರ ಅದನ್ನು ಕೆರೆಗೆ ಒಯ್ದೆ. ಮೊದಲು ಬರಿಯ ಸೀಸ ಎಸೆದು, ದಾರವನ್ನು ಬಿಗಿಹಿಡಿದು ತಳ ಮುಟ್ಟುವುದನ್ನು ಬೆರಳಲ್ಲಿ ಕೇಳಿದೆ: ಜಲ್ಲಿಯಾದರೆ 'ಟಕ್' ಎಂದು ಗಟ್ಟಿ ಹೊಡೆತ, ಕೆಸರಾದರೆ ಮೆತ್ತಗೆ ಕೂರುತ್ತದೆ, ಜೊಂಡಾದರೆ ಏನೂ ತಿಳಿಯುವುದಿಲ್ಲ. ಟಕ್ ಎಂದ ಜಾಗಕ್ಕೆ ಎಸೆದು, ಸುತ್ತ ಒಂದು ಹಿಡಿ ಉಂಡೆ ಚೆಲ್ಲಿ ಕುಳಿತೆ. ಹನ್ನೊಂದರ ಹೊತ್ತಿಗೆ, ಮೀನು ದಾರ ಎಳೆದರೆ ಕೂಗುವ, ಕಡ್ಡಿಯ ಕೆಳಗಿನ ಎಚ್ಚರಿಕೆ ಗಂಟೆ ಕೂಗಿತು. ಅಂಥ ವಿದ್ಯುತ್ ಗಂಟೆಯನ್ನು ಇಲ್ಲಿ ರೂಢಿಗೆ ತಂದವರು ರಿಚರ್ಡ್ ವಾಕರ್. 1952ರ ಸೆಪ್ಟೆಂಬರ್ 13ರಂದು ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದು ಲಂಡನ್ ಮೃಗಾಲಯಕ್ಕೆ ಕೊಟ್ಟವರು. ನನ್ನದು ಹದಿನಾರು ಪೌಂಡು. ಕೆಳತುಟಿಯ ನಟ್ಟನಡುವೆ ನಾಟಿದ್ದ ಗಾಳ ಎರಡು ಬೆರಳಲ್ಲಿ ಬಂತು. ಔಷಧ ಹಚ್ಚಿ, ನೀರಿನಲ್ಲಿ ಹೊಟ್ಟೆಯಡಿ ಕೈಯಾನಿಸಿ ಹಿಡಿದೆ. ಕಿವಿರು ನಾಲ್ಕೈದು ಸಲ ಆಡಿತು, ಬಾಲ ಬೀಸಿ ಹೊರಟುಹೋಯಿತು.

ರಾತ್ರಿ ವಿಡಿಯೊ ಕರೆಯಲ್ಲಿ ಮಾವ ಮೀನಿನ ಚಿತ್ರವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಆ ಗಂಟು ತೋರಿಸು" ಎಂದರು. ಕ್ಯಾಮೆರಾದ ಮುಂದೆ ನಿಧಾನವಾಗಿ ಸುತ್ತುತ್ತಾ ಹೋದೆ. ಅಲ್ಲಿ ಅವರೂ ಹಳೆಯ ಗಾಳವೊಂದನ್ನು ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನನ್ನ ಜೊತೆಗೇ ಸುತ್ತು ಎಣಿಸಿದರು. ಆರನೆಯದಕ್ಕೇ ಅವರ ದಾರ ಮುಗಿಯಿತು. ಬಿಚ್ಚಿ, ಇನ್ನೊಂದಷ್ಟು ದಾರ ಕತ್ತರಿಸಿಕೊಂಡು, "ಮೊದಲಿಂದ ತೋರಿಸಪ್ಪಾ" ಎಂದರು.