ಎಣ್ಣಿ ಅಂಗಡಿಯಾಂವನ್ನ ಬಿಟ್ಟು ಮೀಟಿಂಗ್ ಮಾಡಿದ್ರ ಹಿಂಗ ಆಗತೈತಿ

ನಾನು ಹುಬ್ಬಳ್ಳ್ಯಾಗ ಕಂಪ್ಯೂಟರ್ ಮುಂದ ಕುಂತು ಹೊಟ್ಟಿ ಹೊರೆಯಾಂವ, ಆದ್ರ ರಾಣೆಬೆನ್ನೂರ ಕಡೆ ಊರಾಗ ನಮ್ದು ನಾಕ ಎಕರೆ ಗೋವಿನಜೋಳ ಐತಿ, ಅಣ್ಣ ನೋಡ್ಕೋತಾನ. ಅವನ ಫೋನ್ ಬಂತಂದ್ರ ಅರ್ಧ ಮಳಿ ಸುದ್ದಿ, ಅರ್ಧ ರೊಕ್ಕದ ಸುದ್ದಿ. 2018ರ ಮಳಿಗಾಲದಾಗ ಬಂದ ಫೋನು ಮಾತ್ರ ಬ್ಯಾರೆ ಇತ್ತು. "ಲೇ ತಮ್ಮಾ, ಸುಳ್ಯಾಗ ಎಂಥಾದೋ ಹುಳ ಕುಂತಾವ, ಎಲಿ ಎಲ್ಲಾ ಜರಡಿ ಆಗ್ಯಾವ, ಸುಳಿ ತುಂಬ ಕಟಗಿ ಕೊಯ್ದ ಪುಡಿ ಇದ್ದಂಗ ಹಿಕ್ಕಿ."

ಅದು ಫಾಲ್ ಆರ್ಮಿವರ್ಮ್. ಮೂಲ ಅಮೆರಿಕಾದ ಹುಳ, 2016ರಾಗ ಆಫ್ರಿಕಾಕ್ಕ ಬಂದು ಅಲ್ಲಿ ಗೋವಿನಜೋಳ ತಿಂದು ತೇಗಿ, ಎರಡ ವರ್ಷದಾಗ ನಮ್ಮ ದೇಶಕ್ಕ ಕಾಲಿಡ್ತು, ಅದೂ ಮೊದಲ ಕಾಣಿಸ್ಕೊಂಡಿದ್ದು ನಮ್ಮ ಕರ್ನಾಟಕದಾಗನ, ಶಿವಮೊಗ್ಗ ಕಡೆ. ಇದರ ಪತಂಗ ಒಂದ ರಾತ್ರ್ಯಾಗ ನೂರು ಕಿಲೋಮೀಟರ್ ತನಕ ಹಾರತೈತಂತ, ಮತ್ತ ನಮ್ಮೂರಿಗೆ ಬರಾಕ ಎಷ್ಟ ಹೊತ್ತು ಹೇಳ್ರಿ.

ಅಣ್ಣ ಮೊದಲ ಓಡಿದ್ದು ಎಲ್ಲಿಗೆ? ಎಣ್ಣಿ ಅಂಗಡಿಗೆ. (ನಮ್ಮ ಕಡೆ ಕೀಟನಾಶಕಕ್ಕ ಎಣ್ಣಿ ಅಂತನ ಅನ್ನೋದು, ಹೊಡಿಯೋದಕ್ಕ ಎಣ್ಣಿ ಹೊಡಿಯೋದು.) ಯಾಕಂದ್ರ ಮುಂಜಾನೆ ಏಳಕ್ಕ ಬಾಗಲಾ ತಗದಿರ್ತಾನ, ಬೀಜ ಗೊಬ್ಬರ ಎಲ್ಲಾ ರಾಶಿ ಆಗೋ ತನಕ ಉದ್ರಿ ಕೊಡ್ತಾನ, ಮ್ಯಾಲ ಚಾ ಬ್ಯಾರೆ. ಆದ್ರ ಅವಂಗೂ ಈ ಹುಳ ಹೊಸಾದು, ಕಾಂಡ ಕೊರಿಯೋ ಹುಳ ಅಂದ್ಕೊಂಡು ರ್ಯಾಕಿನ್ಯಾಗ ಇದ್ದದ್ದು ಕೊಟ್ಟ. ಎಲಿ ಮ್ಯಾಲ ಹೊಡದ್ರು, ಹುಳ ಸುಳಿ ಒಳಗ ತನ್ನ ಹಿಕ್ಕಿನ ಬಿರಡಿ ಮಾಡ್ಕೊಂಡು ಆರಾಮ ಕುಂತಿತ್ತು. ಎರಡ ಸಲ ಎಣ್ಣಿ, ಎರಡ ಸಲ ಆಳಿನ ಪಗಾರ, ಹೋತು.

ಮಜಾ ಅಂದ್ರ ಪಕ್ಕದ ಹೊಲದ ಮಾವ ಬ್ಯಾರೆ ಕೆಲಸಕ್ಕ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋದಾಂವ ಒಂದು ಹಾಳಿ ಹಿಡ್ಕೊಂಡು ಬಂದ, ಅದರಾಗ ಎಲ್ಲಾ ಬರದಿತ್ತು. ಹುಳದ ತಲಿ ಮ್ಯಾಲ ಇಂಗ್ಲಿಷಿನ ವೈ ಅಕ್ಷರ ಉಲ್ಟಾ ಇರತೈತಿ, ಬಾಲದ ಹತ್ರ ಚೌಕದಾಗ ನಾಕ ಕರಿ ಚುಕ್ಕಿ, ಅದ ಗುರುತು. ಮದ್ದು ಅಂದ್ರ ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು, ಕಲಿಸಿ ಒಂದಿನ ಮುಚ್ಚಿಡೋದು, ಹಾಕಾಕ ಅರ್ಧ ತಾಸು ಮೊದಲ ನೂರು ಗ್ರಾಂ ಥಯೋಡಿಕಾರ್ಬ್ ಅನ್ನೋ ಕೀಟನಾಶಕ ಸೇರಿಸೋದು, ಸಂಜಿ ಮುಂದ ಕೈಗೆ ಗ್ಲೌಸ್ ಹಾಕ್ಕೊಂಡು ಸುಳಿಗೆ ಚೂರು ಚೂರು ಉದುರಿಸೋದು. ಬೆಲ್ಲದ ವಾಸನಿಗೆ ಹುಳ ತಾನ ಬಂದು ತಿಂತೈತಿ. ನಾನೂ ಆ ಶನಿವಾರ ಊರಿಗೆ ಹೋಗಿ ತೌಡು ಕಲಿಸಿದೆ. ಮರದಿನಕ್ಕ ಹುಳಿ ಬಂದ ಅಂಬಲಿ ನಾತ ಮನಿ ತುಂಬ, ಅವ್ವ ಮೂಗು ಮುಚ್ಕೊಂಡು ಬೈದಿದ್ದ ಬೈದಿದ್ದು.

ಇಷ್ಟಾದ್ರೂ ಥಯೋಡಿಕಾರ್ಬ್ ಅಂಗಡ್ಯಾಗ ಇಲ್ಲ! ಹಾಳಿ ಬರದ ಸಾಹೇಬ್ರು ಅಂಗಡಿಯಾಂವಗ ಹೇಳಿರಲಿಲ್ಲ, ಅಂಗಡಿಯಾಂವ ಡೀಲರ್‌ಗೆ ಹೇಳಿರಲಿಲ್ಲ. ಅಣ್ಣ ಬೈಕ್ ತಗೊಂಡು ಇಡೀ ರಾಣೆಬೆನ್ನೂರ ಸುತ್ತಿ ತಂದ.

ನನಗ ಆಗಿಂದ ತಲ್ಯಾಗ ಕೊರಿಯಾಕತ್ತಿದ್ದು ಇದ. ವಿಜ್ಞಾನಿ, ಇಲಾಖೆ, ರೈತ ಅಂತ ಮೂರು ಖುರ್ಚಿ ಹಾಕಿ ಫೋಟೋ ತಗಸ್ಕೋತಾರ, ನಾಕನೇ ಖುರ್ಚಿ ಎಣ್ಣಿ ಅಂಗಡಿಯಾಂವಂದು, ಅದನ್ನ ಯಾರೂ ಹಾಕಂಗಿಲ್ಲ, ಆದ್ರ ರೈತ ದಿನಾ ಕೇಳೋದು ಅವನ್ನ. 2009ರಾಗ ಭೂಚೇತನ ಅನ್ನೋ ಸರ್ಕಾರದ ಮಣ್ಣು ಸುಧಾರಣೆ ಯೋಜನೆ ಬಂದಾಗ ಇದು ಸ್ವಲ್ಪ ಸುಧಾರಿಸಿತ್ತು, ನಮ್ಮ ಹಾವೇರಿ, ಧಾರವಾಡ ಮೊದಲನೇ ವರ್ಷನ ಅದರಾಗ ಇದ್ವು. ಹೈದರಾಬಾದ್ ಕಡೆಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಮಣ್ಣು ಪರೀಕ್ಷೆ ಮಾಡಿ ಸತು, ಬೋರಾನ್, ಗಂಧಕ ಕಮ್ಮಿ ಐತಿ ಅಂದ್ರು, ಊರಿನ ಹುಡುಗರನ್ನ ರೈತ ಅನುವುಗಾರರು ಅಂತ ಮಾಡಿದ್ರು, ರೈತ ಸಂಪರ್ಕ ಕೇಂದ್ರದಾಗ ಜಿಪ್ಸಂ, ಬೋರಾಕ್ಸ್ ಅರ್ಧ ರೇಟಿಗೆ ಇಟ್ಟಿದ್ರು. ಮಾತು ಹೇಳಾಂವ ಮತ್ತ ಮಾಲು ಎರಡೂ ಕೈಗೆ ಸಿಗ್ತಿದ್ವು, ಅದಕ್ಕ ಜನ ಹಾಕಿದ್ರು.

ಮಾತು ಇದ್ದು ಮಾಲು ಸಿಗದಿದ್ರ ಕೀನ್ಯಾದಾಗೂ ಇದ ಕಥಿ. ಗೋವಿನಜೋಳದ ನಡುವ ಡೆಸ್ಮೋಡಿಯಂ ಅನ್ನೋ ಮೇವಿನ ಬಳ್ಳಿ ಹಚ್ಚಿ, ಸುತ್ತ ನೇಪಿಯರ್ ಹುಲ್ಲು ಹಚ್ಚಿ, ಪತಂಗಾನ ಒಳಗಿಂದ ಓಡ್ಸಿ ಅಂಚಿಗೆ ಎಳಿಯೋ ಪದ್ಧತಿ, ನೈರೋಬಿಯ ಇಸಿಪೆ ಅನ್ನೋ ಕೀಟ ಸಂಶೋಧನಾ ಸಂಸ್ಥೆಯವರು ಮಾಡಿದ್ದು, ಭಾಳ ಚಲೋ, ದನಕ್ಕ ಮೇವೂ ಸಿಗತೈತಿ. ಆದ್ರ ಡೆಸ್ಮೋಡಿಯಂ ಬೀಜ ಸಿಗಾಕ ಪರದಾಟ, ಬಳ್ಳಿ ತುಂಡು ಹಂಚ್ಕೊಂಡು ಹಚ್ಚಿದ ರೈತರೂ ಅದಾರ.

ಹೈದರಾಬಾದಿನ ಮ್ಯಾನೇಜ್ ಅನ್ನೋ ಕೃಷಿ ತರಬೇತಿ ಸಂಸ್ಥೆ 2003ರಾಗನ ಅಂಗಡಿಯವರಿಗೆ ದೇಸಿ ಅನ್ನೋ ಒಂದ ವರ್ಷದ ಡಿಪ್ಲೊಮಾ ಶುರು ಮಾಡೇತಿ, ಅಂಗಡಿ ರಜಾ ಇದ್ದ ದಿನ ವಾರಕ್ಕೊಮ್ಮೆ ಕ್ಲಾಸು, ನಡುನಡುವ ಹೊಲಕ್ಕೂ ಕರ್ಕೊಂಡು ಹೋಗ್ತಾರ. ನಮ್ಮ ಊರಿನ ಅಂಗಡಿಯಾಂವನೂ ಮೊನ್ನೆ ಅದನ್ನ ಮುಗಿಸ್ಕೊಂಡ. ಹೋದ ತಿಂಗಳ ಅಣ್ಣನ ಜೋಡಿ ಹೋದಾಗ ನೋಡ್ತೀನಿ, ಕೌಂಟರ್ ಮ್ಯಾಲ ಗಾಜಿನ ಬಾಟ್ಲಿನ್ಯಾಗ ಹುಳ ಹಾಕಿ ಇಟ್ಟಾನ. "ಅಣ್ಣಾರ, ಮೊದಲ ಇದನ್ನ ನೋಡ್ರಿ, ತಲಿ ಮ್ಯಾಲ ಉಲ್ಟಾ ವೈ ಐತಿಲ್ಲ, ನಿಮ್ಮ ಹೊಲದಾಗಿಂದೂ ಹಿಂಗ ಐತೇನು ಹೇಳ್ರಿ, ಆಮ್ಯಾಲ ಎಣ್ಣಿ ಕೊಡ್ತೀನಿ." ಅಣ್ಣ ಬಾಟ್ಲಿ ನೋಡ್ದ, ನನ್ನ ಮಾರಿ ನೋಡ್ದ, "2018ರಾಗ ಎಲ್ಲಿಟ್ಟಿದ್ದಿ ಇದನ್ನ?" ಅಂದ. ಅಂಗಡಿಯಾಂವ ನಕ್ಕು ಚಾ ತರಿಸಿದ. ಆ ಎರಡ ಸಲದ ಎಣ್ಣಿ ರೊಕ್ಕಾ ಮಾತ್ರ ಬಿಟ್ಟಿಲ್ಲ.